ಹಳೆ ಪುಸ್ತಕದಂಗಡಿ, ಮೈಸೂರು: ಒಳಗಿನ ಕಪಾಟು ನೋಡಲೇಬೇಕು

ದೇವರಾಜ ಮಾರುಕಟ್ಟೆ ಹತ್ತಿರದ ಈ ಸಣ್ಣ ಅಂಗಡಿಗೆ ಹೋದರೆ ಒಳಗಿನ ಕಪಾಟು ತೆಗೆಸಿ ನೋಡಿ. ಮೊದಲ ಲೋಕಸಭೆಯ ಸದಸ್ಯರ ಪರಿಚಯ ಪುಸ್ತಕ ನನಗೆ ಸಿಕ್ಕಿದ್ದು ಅಲ್ಲೇ. ಪ್ರಧಾನಿ ನೆಹರೂ, ಸ್ಪೀಕರ್ ಮಾವಳಂಕರ್ ಹೆಸರು ಕೇಳಿಯೇ ಇರುತ್ತೀರಿ. ನಾನು ಮೊದಲು ಹುಡುಕಿದ್ದು ನಮ್ಮ ಕಡೆಯವರನ್ನು. 1952ರಲ್ಲಿ ಮೈಸೂರಿನಿಂದ ಇಬ್ಬರು ಗೆದ್ದಿದ್ದರು: ಕಾಂಗ್ರೆಸ್ಸಿನ ಎನ್. ರಾಚಯ್ಯ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ.ಎಸ್. ಗುರುಪಾದಸ್ವಾಮಿ. ಒಂದೇ ಕ್ಷೇತ್ರ, ಇಬ್ಬರು ಸಂಸದರು! ಆಗ ಕೆಲವು ಕಡೆ ಹಾಗಿತ್ತು. 1961ರ ಕಾನೂನು ಬಂದ ಮೇಲೆ ಆ ಪದ್ಧತಿ ನಿಂತಿತು. ಮಂಡ್ಯದಿಂದ ಎಂ.ಕೆ. ಶಿವನಂಜಪ್ಪ. ಈ ಹೆಸರುಗಳು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅಲ್ವಾ?

ಬೆಲೆ ಸ್ವಲ್ಪ ಜಾಸ್ತಿ, ಬೈಂಡಿಂಗ್ ಸಡಿಲ. ಆದರೆ ಮಾಲೀಕರು ಅವಸರ ಮಾಡುವುದಿಲ್ಲ. ಸ್ಟೂಲ್ ಹಾಕಿ ಕೂರಿಸಿ, ಓದಲು ಬಿಡುತ್ತಾರೆ. ಭಾನುವಾರ ರಜೆ.