ಟೀಚರ್‌ಗಳ ತರಬೇತಿ ದಿನ: ಮೇ ಕೊನೆಯ ವಾರವೋ, ತಿಂಗಳಿಗೊಂದು ಶನಿವಾರವೋ?

ಬೆಂಗಳೂರಿನಲ್ಲಿ ಶಾಲೆಯ ಕ್ಯಾಲೆಂಡರ್ ಹಾಕಲು ಕೂತರೆ ಮೊದಲ ಲೆಕ್ಕ ಪಾಠದ ದಿನಗಳದ್ದು. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಪ್ರಕಾರ 1ರಿಂದ 5ನೇ ತರಗತಿಗೆ 200 ದಿನ, 6ರಿಂದ 8ಕ್ಕೆ 220 ದಿನ ಆಗಲೇಬೇಕು. ಟೀಚರ್‌ಗಳ ತರಬೇತಿಗೆ ಜಾಗ ಹುಡುಕುವುದು ಆಮೇಲೆ.

ಮೇ ಕೊನೆಯಲ್ಲಿ ಒಂದು ವಾರ ಒಟ್ಟಿಗೆ ಇಟ್ಟರೆ ಮಕ್ಕಳಿಲ್ಲ, ಗಲಾಟೆಯಿಲ್ಲ. ಟೈಮ್‌ಟೇಬಲ್, ಪಾಠ ಯೋಜನೆ ಎಲ್ಲ ಮುಗಿಯುತ್ತದೆ. ಆದರೆ ಊರಿಗೆ ಹೋದವರನ್ನು ಬೇಗ ಕರೆಸಬೇಕು. ಕಲಿತದ್ದೂ ದಸರಾ ಹೊತ್ತಿಗೆ ಅರ್ಧ ಮರೆತಿರುತ್ತದೆ, ಅಲ್ವಾ?

ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಶನಿವಾರ ಹೇಗೂ ಅರ್ಧ ದಿನ. ಮಕ್ಕಳು ಹೋದ ಮೇಲೆ ಕೂತರೆ ಆ ವಾರದ ನೋಟ್‌ಬುಕ್‌ಗಳೇ ಮುಂದಿರುತ್ತವೆ. ಭಿನ್ನರಾಶಿಯಲ್ಲಿ ಮಕ್ಕಳು ಎಲ್ಲಿ ತಪ್ಪಿದರು ಅಂತ ನೋಡಿಕೊಂಡೇ ಮಾತಾಡಬಹುದು. ತೊಡಕು ಮಳೆಯದ್ದು. ಜೋರು ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟರೆ, ಆ ಪಾಠ ಸರಿದೂಗಿಸಲು ಮೊದಲು ಕೈ ಹಾಕುವುದು ಶನಿವಾರ ಮಧ್ಯಾಹ್ನಕ್ಕೇ.

ಸಿಬಿಎಸ್‌ಇ ಶಾಲೆಯಾದರೆ ಟೀಚರ್‌ಗೆ ವರ್ಷಕ್ಕೆ 50 ಗಂಟೆ ತರಬೇತಿ ಬೇಕು. ಒಂದು ವಾರದಲ್ಲಿ ಅದು ಮುಗಿಯುವ ಮಾತಲ್ಲ. ನನ್ನನ್ನು ಕೇಳಿದರೆ, ಮೇನಲ್ಲಿ ಮೂರು ದಿನ, ಉಳಿದದ್ದು ಶನಿವಾರ. ಪರೀಕ್ಷೆಯ ತಿಂಗಳು ಮಾತ್ರ ಬಿಟ್ಟುಬಿಡಿ. ತಿದ್ದಬೇಕಾದ ಪೇಪರ್ ಕಂತೆ ಎದುರಿಗಿದ್ದಾಗ ತರಬೇತಿ ಯಾರ ತಲೆಗೂ ಹೋಗುವುದಿಲ್ಲ.