ಆರ್ಗ್ಯಾನಿಕ್ಕಾ, ಸೆಮಿ ಮೆಟಾಲಿಕ್ಕಾ, ಸೆರಾಮಿಕ್ಕಾ? ಒಂದೇ ಕಾರಿಗೆ ಮೂರೂ ಬ್ರೇಕ್ ಪ್ಯಾಡ್ ಹಾಕಿ ಓಡಿಸಿದ ಮೇಲೆ

ಬ್ರೇಕ್ ಪ್ಯಾಡ್ (ಚಕ್ರದ ಜೊತೆ ತಿರುಗೋ ಡಿಸ್ಕ್‌ನ ಎರಡೂ ಕಡೆಯಿಂದ ಒತ್ತಿ ಹಿಡಿಯೋ ತುಂಡು) ಸವೆದೋಯ್ತು ಅಂದ ತಕ್ಷಣ ಎಲ್ರೂ ಕೇಳೋದು ಯಾವ ಬ್ರ್ಯಾಂಡ್ ಹಾಕ್ಲಿ ಅಂತ. ನಾನಂತೂ ಮೊದ್ಲು ಯಾವ ಮಟೀರಿಯಲ್ ಅಂತ ಕೇಳ್ತೀನಿ. ಒಂದೇ ಕಾರಿನ ಮುಂದಿನ ಚಕ್ರಗಳಿಗೆ ಬೇರೆ ಬೇರೆ ಟೈಮಲ್ಲಿ ಆರ್ಗ್ಯಾನಿಕ್, ಸೆಮಿ ಮೆಟಾಲಿಕ್, ಸೆರಾಮಿಕ್ ಮೂರೂ ಹಾಕಿ ಓಡಿಸಿದೀನಿ, ಕಾರು ಅದೇ, ಓಡ್ಸೋನೂ ಅದೇ, ಓಡಾಡೋ ರೋಡೂ ಹೆಚ್ಚುಕಮ್ಮಿ ಅದೇ, ಆದ್ರೂ ಪೆಡಲ್ ಮೇಲೆ ಕಾಲಿಟ್ರೆ ಮೂರೂ ಸಲ ಬೇರೆ ಯಾರದೋ ಕಾರು ಓಡಿಸ್ತಿದೀನಿ ಅನ್ನೋ ಹಂಗಿತ್ತು. ನಂದು ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರೋ ಸಾಧಾರಣ ಹ್ಯಾಚ್‌ಬ್ಯಾಕ್. ದೊಡ್ಡ ಎಸ್‌ಯುವಿ ಇರೋರು, ಟ್ರೇಲರ್ ಎಳೆಯೋರು, ಟ್ರ್ಯಾಕ್‌ನಲ್ಲಿ ಓಡ್ಸೋರು ನನ್ನ ಅನುಭವನ ಹಾಗೇ ತಗೋಬೇಡಿ, ಅವ್ರ ಲೆಕ್ಕನೇ ಬೇರೆ.

ಬದಲಾಯಿಸೋ ಟೈಮ್ ಬಂತಾ ಇಲ್ವಾ ಅನ್ನೋದು ಬೇಗ ಹೇಳಿಬಿಡ್ತೀನಿ. ಹೊಸ ಪ್ಯಾಡ್‌ನಲ್ಲಿ ಉಜ್ಜೋ ಮಟೀರಿಯಲ್ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಇರತ್ತೆ, ಹಿಂದಿನ ಸ್ಟೀಲ್ ಪ್ಲೇಟ್ ಲೆಕ್ಕಕ್ಕೆ ತಗೋಬಾರ್ದು. ಅದು 3 ಮಿ.ಮೀ. ಹತ್ರ ಬಂದ್ರೆ ಬದಲಾಯಿಸೋದೇ. ಸುಮಾರು ಕಾರುಗಳಲ್ಲಿ ಪ್ಯಾಡ್‌ಗೇ ಒಂದು ಸಣ್ಣ ಲೋಹದ ಪಟ್ಟಿ ಇರತ್ತೆ, ಪ್ಯಾಡ್ ಸವೆದಂಗೆ ಅದು ಡಿಸ್ಕ್‌ಗೆ ತಾಗಿ ಕೀಂಯ್ ಅನ್ನತ್ತೆ. ಆದ್ರೆ ಆ ಪಟ್ಟಿ ಎಷ್ಟೋ ಸಲ ಒಳಗಿನ ಪ್ಯಾಡ್‌ಗೆ ಮಾತ್ರ ಇರತ್ತೆ, ಹೊರಗಿನದು ಮೊದ್ಲು ಸವೆದ್ರೆ ಅದು ಬಾಯೇ ಬಿಡಲ್ಲ, ಹಾಗಾಗಿ ಶಬ್ದಕ್ಕೆ ಕಾಯದೆ ಚಕ್ರ ಬಿಚ್ಚಿದಾಗೆಲ್ಲ ಎರಡೂ ಕಡೆ ಬಗ್ಗಿ ನೋಡಿ.

ಆರ್ಗ್ಯಾನಿಕ್‌ನಿಂದ ಶುರು ಮಾಡ್ತೀನಿ, ಯಾಕಂದ್ರೆ ನನ್ನ ಕಾರಲ್ಲಿ ಮೊದಲಿಂದ ಇದ್ದಿದ್ದು ಇದೇ. ಪೂರ್ತಿ ಹೆಸರು ನಾನ್ ಆಸ್‌ಬೆಸ್ಟಾಸ್ ಆರ್ಗ್ಯಾನಿಕ್, ಪ್ಯಾಕೆಟ್ ಮೇಲೆ ಎನ್‌ಎಒ ಅಂತಾನೂ ಬರೆದಿರತ್ತೆ. ಹಿಂದೆ ಪ್ಯಾಡ್‌ಗಳಲ್ಲಿ ಆಸ್‌ಬೆಸ್ಟಾಸ್ ಹಾಕ್ತಿದ್ರು, ಬಿಸಿ ಚೆನ್ನಾಗಿ ತಡೀತಿತ್ತು, ಆದ್ರೆ ಅದರ ಧೂಳು ಶ್ವಾಸಕೋಶದೊಳಗೆ ಹೋದ್ರೆ ಕ್ಯಾನ್ಸರ್ ಬರತ್ತೆ ಅಂತ ಗೊತ್ತಾದ ಮೇಲೆ ಅದರ ಜಾಗಕ್ಕೆ ಅರಾಮಿಡ್ ಅನ್ನೋ ಗಟ್ಟಿ ಕೃತಕ ನಾರು, ಗಾಜಿನ ನಾರು, ರಬ್ಬರ್ ಪುಡಿ ಎಲ್ಲಾ ಸೇರಿಸಿ ರೆಸಿನ್ ಅನ್ನೋ ಅಂಟಿನಲ್ಲಿ ಅಂಟಿಸಿ ಮಾಡೋಕೆ ಶುರು ಮಾಡಿದ್ರು. ಬೆಳಿಗ್ಗೆ ತಣ್ಣಗಿರೋವಾಗ ಮೊದಲನೇ ಸಲ ಪೆಡಲ್ ಮುಟ್ಟಿದ್ರೂ ಸಾಕು, ಹಿಡಿಯತ್ತೆ. ಶಬ್ದ ಇಲ್ಲ, ಡಿಸ್ಕ್ ಮೇಲೆ ಗೀರು ಇಲ್ಲ. ಸಿಟಿ ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗೋಕೆ ಇದರಷ್ಟು ಆರಾಮ ಯಾವುದೂ ಇಲ್ಲ ಅಂತ ಈಗ್ಲೂ ಹೇಳ್ತೀನಿ.

ತೊಂದ್ರೆ ಗೊತ್ತಾಗೋದು ಘಾಟಿ ಇಳಿಯೋವಾಗ. ಕಾರು ತುಂಬ ಜನ, ಡಿಕ್ಕಿ ತುಂಬ ಲಗೇಜು, ಉದ್ದಕ್ಕೆ ಇಳಿಜಾರು, ಗೇರ್ ಇಳಿಸ್ಕೊಂಡೇ ಬರ್ತಿದ್ರೂ ತಿರುವು ತಿರುವಿಗೂ ಬ್ರೇಕ್ ಬೇಕೇ ಬೇಕು, ಅರ್ಧ ಇಳಿಯೋಷ್ಟರಲ್ಲಿ ಸುಟ್ಟ ವಾಸನೆ ಶುರು, ಆಮೇಲೆ ಅಷ್ಟೇ ಒತ್ತಿದ್ರೆ ಅಷ್ಟೇ ನಿಲ್ಲಲ್ಲ, ಇನ್ನೂ ಜಾಸ್ತಿ ಒತ್ಬೇಕು. ಇದನ್ನೇ ಫೇಡ್ ಅನ್ನೋದು. ತುಂಬಾ ಬಿಸಿ ಆದಾಗ ರೆಸಿನ್‌ನಿಂದ ಗ್ಯಾಸ್ ಬಂದು ಪ್ಯಾಡ್‌ಗೂ ಡಿಸ್ಕ್‌ಗೂ ಮಧ್ಯ ತೆಳು ಪದರ ಆಗತ್ತೆ, ಹಿಡಿತ ಕಮ್ಮಿ ಆಗತ್ತೆ. ಇಲ್ಲಿ ಒಂದು ವಿಷ್ಯ ಗಮನಿಸಿ: ಪೆಡಲ್ ಗಟ್ಟಿಯಾಗೇ ಇದ್ದು ಕಾರು ನಿಲ್ತಿಲ್ಲ ಅಂದ್ರೆ ಪ್ಯಾಡ್ ಫೇಡ್, ಪೆಡಲ್ಲೇ ಸ್ಪಂಜ್ ಥರ ಮೆತ್ತಗಾಗಿ ಕೆಳಗೆ ಹೋಗ್ತಿದೆ ಅಂದ್ರೆ ಬ್ರೇಕ್ ಆಯಿಲ್ ಕುದಿಯೋಕೆ ಶುರುವಾಗಿದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರ್ದು ಅಂತ ಸ್ಟ್ಯಾಂಡರ್ಡ್ ಇದೆ, ನೀರು ಎಳ್ಕೊಂಡ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯತ್ತೆ. ಹಳೇ ಆಯಿಲ್ ಇಟ್ಕೊಂಡು ಎಂಥಾ ಒಳ್ಳೆ ಪ್ಯಾಡ್ ಹಾಕಿದ್ರೂ ಆ ರೋಗಕ್ಕೆ ಅದು ಮದ್ದಲ್ಲ.

ಆರ್ಗ್ಯಾನಿಕ್ ಬೇಗ ಸವೆಯತ್ತೆ ಅನ್ನೋದೂ ನಿಜಾನೇ, ಮೂರರಲ್ಲಿ ಮೊದ್ಲು ಮುಗಿದಿದ್ದು ಇದೇ.

ಅದಾದ್ಮೇಲೆ ಘಾಟಿ ನೆನಪಲ್ಲಿಟ್ಕೊಂಡು ಸೆಮಿ ಮೆಟಾಲಿಕ್ ಹಾಕ್ದೆ. ಇದರಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 30ರಿಂದ 65 ಪರ್ಸೆಂಟ್ ಲೋಹ, ಸ್ಟೀಲ್ ನಾರು, ಕಬ್ಬಿಣದ ಪುಡಿ, ತಾಮ್ರ ಇಂಥವು, ಜೊತೆಗೆ ಗ್ರಾಫೈಟ್. ಲೋಹ ಇರೋದ್ರಿಂದ ಬಿಸಿ ಒಂದೇ ಕಡೆ ಕೂರಲ್ಲ, ಬೇಗ ಹರಡ್ಕೊಂಡು ಹೋಗತ್ತೆ. ಅದೇ ಇಳಿಜಾರು, ಅದೇ ಲೋಡು, ಕೆಳಗೆ ಬರೋ ತನಕ ಪೆಡಲ್ ಒಂದೇ ಥರ ಇತ್ತು. ಒಂದು ಚೂರು ಬಿಸಿ ಆದ್ಮೇಲೆ ಅಂತೂ ಇನ್ನೂ ಚೆನ್ನಾಗಿ ಹಿಡಿಯತ್ತೆ, ಹೈವೇ ಸ್ಪೀಡಲ್ಲಿ ಮುಂದಿನವನು ಏಕಾಏಕಿ ಬ್ರೇಕ್ ಹಾಕ್ದಾಗ ನನಗೆ ಅತಿ ಹೆಚ್ಚು ಧೈರ್ಯ ಕೊಟ್ಟಿದ್ದು ಈ ಪ್ಯಾಡೇ.

ಆದ್ರೆ ದಿನಾ ಇದರ ಜೊತೆ ಬಾಳೋದಿದೆಯಲ್ಲ, ಅದು ಬೇರೆ ಕಥೆ. ಬೆಳಿಗ್ಗೆ ತಣ್ಣಗಿದ್ದಾಗ ಮೊದಲ ನಾಲ್ಕೈದು ಬ್ರೇಕ್ ಸ್ವಲ್ಪ ಮೊಂಡು, ಜೊತೆಗೆ ಗರ್ ಅನ್ನೋ ಶಬ್ದ, ಗೇಟ್ ಹತ್ರ ನಿಧಾನಕ್ಕೆ ನಿಲ್ಲಿಸೋವಾಗ ಕೀರಲು. ಚಕ್ರ ತೊಳೆದು ವಾರ ಆಗಿರಲ್ಲ, ಮತ್ತೆ ಕಪ್ಪು. ಆ ಧೂಳಲ್ಲಿ ಕಬ್ಬಿಣ ಇರೋದ್ರಿಂದ ಮಳೆ ನೀರು ಬಿದ್ದು ಹಾಗೇ ಬಿಟ್ರೆ ಅಲಾಯ್ ಚಕ್ರದ ಮೇಲೆ ತುಕ್ಕಿನ ಚುಕ್ಕೆ ಕೂತ್ಕೊಳತ್ತೆ, ಉಜ್ಜಿದ್ರೂ ಹೋಗಲ್ಲ. ಡಿಸ್ಕ್ ಅಂಚಲ್ಲಿ ಬೆರಳಿಟ್ರೆ ಸಿಗೋ ಮೆಟ್ಟಿಲು ಈ ಪ್ಯಾಡ್ ಇದ್ದಾಗ್ಲೇ ಜಾಸ್ತಿ ಬೆಳೀತು. ಪ್ಯಾಡ್ ತುಂಬಾ ದಿನ ಬಾಳಿಕೆ ಬರತ್ತೆ ಅಂತ ಹೊಗಳೋರು ಡಿಸ್ಕ್ ಸವೆತ ಲೆಕ್ಕ ಹಾಕಲ್ಲ. ಡಿಸ್ಕ್ ಮೇಲೇ ಕನಿಷ್ಠ ದಪ್ಪ ಎಷ್ಟಿರ್ಬೇಕು ಅಂತ ಒತ್ತಿರತ್ತೆ, ಅದಕ್ಕಿಂತ ಕಮ್ಮಿ ಆದ್ರೆ ಡಿಸ್ಕೂ ಹೊಸದು ಹಾಕ್ಬೇಕು, ಆಗ ಉಳಿಸಿದ್ದು ಅಲ್ಲಿಗಲ್ಲಿಗೇ.

ಮೂರನೇದು ಸೆರಾಮಿಕ್, ಈಗ ಕಾರಲ್ಲಿ ಇರೋದು. ಒಂದು ಗೊಂದಲ ಇಲ್ಲೇ ಬಗೆಹರಿಸಿಬಿಡೋಣ, ಸ್ಪೋರ್ಟ್ಸ್ ಕಾರುಗಳಲ್ಲಿ ಬರೋ ಕಾರ್ಬನ್ ಸೆರಾಮಿಕ್ ಬ್ರೇಕ್ ಅಂದ್ರೆ ಡಿಸ್ಕೇ ಬೇರೆ ವಸ್ತುದು, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇಲ್ಲಿ ಡಿಸ್ಕ್ ಮಾಮೂಲಿ ಎರಕದ ಕಬ್ಬಿಣದ್ದೇ, ಪ್ಯಾಡ್ ಮಿಶ್ರಣದಲ್ಲಿ ಮಾತ್ರ ಸೆರಾಮಿಕ್ ನಾರು ಮತ್ತು ಪುಡಿ. ಹಾಕಿದ ಮೇಲೆ ಮೊದ್ಲು ಗಮನಕ್ಕೆ ಬಂದಿದ್ದು ನಿಶ್ಶಬ್ದ. ಧೂಳು ಬರಲ್ಲ ಅಂತಲ್ಲ, ಬರತ್ತೆ, ಆದ್ರೆ ತಿಳಿ ಬೂದು ಬಣ್ಣ, ಚಕ್ರಕ್ಕೆ ಅಂಟಲ್ಲ, ನೀರು ಹಾಕಿದ್ರೆ ಹೋಗತ್ತೆ. ಪೆಡಲ್ ಎಷ್ಟು ಒತ್ತಿದ್ರೆ ಅಷ್ಟೇ ಬ್ರೇಕ್, ಪೆಡಲ್ ಮುಟ್ಟಿದ ತಕ್ಷಣ ಸಿಗೋ ಹಿಡಿತ ಮಾತ್ರ ಆರ್ಗ್ಯಾನಿಕ್‌ಗಿಂತ ಒಂದು ಚೂರು ಕಮ್ಮಿ, ಅದೇನೂ ಅಪಾಯ ಅನ್ನೋ ಮಟ್ಟಕ್ಕಲ್ಲ, ಕಾಲಿಗೆ ಅಭ್ಯಾಸ ಆಗ್ಬೇಕಷ್ಟೆ. ಇಳಿಜಾರಲ್ಲಿ ಆರ್ಗ್ಯಾನಿಕ್‌ಗಿಂತ ಎಷ್ಟೋ ವಾಸಿ, ಸೆಮಿ ಮೆಟಾಲಿಕ್ ಅಷ್ಟು ಅಲ್ಲ. ಇದು ಬಿಸಿನ ತನ್ನೊಳಗೆ ಅಷ್ಟಾಗಿ ಎಳ್ಕೊಳಲ್ಲ, ಹಾಗಾಗಿ ಹೆಚ್ಚು ಬಿಸಿ ಡಿಸ್ಕ್‌ನಲ್ಲೇ ಉಳಿಯತ್ತೆ, ಉದ್ದದ ಇಳಿಜಾರು ಮುಗಿದ ಮೇಲೆ ಡಿಸ್ಕ್ ಹತ್ರ ಕೈ ಹಿಡಿದ್ರೆ ಕಾವು ಹೊಡೆಯೋದು ಗೊತ್ತಾಗತ್ತೆ.

ಮೂರೂ ತಗೊಳೋವಾಗ ನಾನು ನೋಡಿದ್ದು ಪ್ಯಾಡ್ ಅಂಚಿನ ಮೇಲಿನ ಎರಡಕ್ಷರದ ಕೋಡ್. ಇಇ, ಎಫ್‌ಎಫ್, ಜಿಜಿ, ಎಫ್‌ಇ ಥರ ಇರತ್ತೆ. ಮೊದಲಕ್ಷರ ಸಾಧಾರಣ ಬಿಸಿಯಲ್ಲಿ ಹಿಡಿತ, ಎರಡನೇದು ಹೆಚ್ಚು ಬಿಸಿಯಲ್ಲಿ. ಇ ಅಂದ್ರೆ ಘರ್ಷಣಾಂಕ (ಹಿಡಿತದ ಅಳತೆ) 0.25ರಿಂದ 0.35, ಎಫ್ ಅಂದ್ರೆ 0.35ರಿಂದ 0.45, ಜಿ ಅಂದ್ರೆ 0.45ರಿಂದ 0.55. ಎಫ್‌ಇ ಅಂತಿದ್ರೆ ಬಿಸಿ ಆದಾಗ ಹಿಡಿತ ಇಳಿಯೋ ಪ್ಯಾಡ್ ಅಂತ ಅರ್ಥ, ಘಾಟಿ ಓಡಾಟ ಇರೋರು ಅಂಥದ್ದು ಬಿಟ್ಬಿಡಿ. ಜಿ ದೊಡ್ಡದು ಅಂತ ಅದಕ್ಕೇ ಬೀಳೋದೂ ಬೇಡ, ಮುಂದೆ ಸಿಕ್ಕಾಪಟ್ಟೆ ಹಿಡಿದು ಹಿಂದಿನ ಡ್ರಮ್ ಮಾಮೂಲಿ ಇದ್ರೆ ಕಂಪನಿಯವ್ರು ಲೆಕ್ಕ ಹಾಕಿಟ್ಟಿರೋ ಮುಂದೆ ಹಿಂದಿನ ಬ್ಯಾಲೆನ್ಸ್ ತಪ್ಪತ್ತೆ. ಕೆಲವು ಪೊಟ್ಟಣಗಳ ಮೇಲೆ ಎಲೆ ಗುರುತೂ ಕಾಣತ್ತೆ, ಅದು ತಾಮ್ರದ ಲೆಕ್ಕ. ಪ್ಯಾಡ್ ಧೂಳಿನ ತಾಮ್ರ ಮಳೆ ನೀರಲ್ಲಿ ಹರಿದು ಹೊಳೆ ಸೇರಿ ಮೀನುಗಳಿಗೆ ವಿಷ ಆಗತ್ತೆ ಅಂತ ಅಮೆರಿಕದ ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ರಾಜ್ಯಗಳು ಕಾನೂನು ಮಾಡಿದ್ವು, ಕ್ಯಾಲಿಫೋರ್ನಿಯಾದಲ್ಲಿ 2021ರಿಂದ 5 ಪರ್ಸೆಂಟ್, 2025ರಿಂದ 0.5 ಪರ್ಸೆಂಟ್ ಮಿತಿ. ಮೂರೂ ಎಲೆ ತುಂಬಿದ್ದು, ಜೊತೆಗೆ ಎನ್ ಅಂತಿದ್ರೆ ತಾಮ್ರ ಹೆಚ್ಚುಕಮ್ಮಿ ಇಲ್ಲ ಅಂತ.

ಇಷ್ಟೆಲ್ಲಾ ಹೇಳಿದ್ಮೇಲೂ ಒಂದು ಮಾತು, ಪ್ಯಾಡ್ ಮೇಲೆ ಬರೋ ಅರ್ಧ ಕಂಪ್ಲೇಂಟ್ ಪ್ಯಾಡ್‌ದಲ್ಲ, ಫಿಟ್ಟಿಂಗ್‌ದು. ಸೆಮಿ ಮೆಟಾಲಿಕ್ ಕೀರಲು ವಿಪರೀತ ಆದಾಗ ಪ್ಯಾಡ್ ತೆಗೆದು, ಅದು ಕೂರೋ ಬ್ರಾಕೆಟ್‌ನ ತುಕ್ಕೆಲ್ಲ ವೈರ್ ಬ್ರಷ್‌ನಲ್ಲಿ ಉಜ್ಜಿ, ಕ್ಲಿಪ್ ಹೊಸದು ಹಾಕಿ, ಪ್ಯಾಡ್ ಕಿವಿಗಳು ಕೂರೋ ಜಾಗಕ್ಕೆ ಮತ್ತು ಪ್ಯಾಡ್ ಬೆನ್ನಿಗಿರೋ ತೆಳು ತಗಡು, ಅಂದ್ರೆ ಶಿಮ್‌ಗೆ ಬ್ರೇಕ್ ಗ್ರೀಸ್ ತೆಳ್ಳಗೆ ಸವರಿದೆ, ಶಬ್ದ ಪೂರ್ತಿ ಹೋಗ್ಲಿಲ್ಲ, ಆದ್ರೆ ತಡ್ಕೊಳೋ ಮಟ್ಟಕ್ಕೆ ಬಂತು. ಕ್ಯಾಲಿಪರ್ (ಪ್ಯಾಡ್‌ನ ಡಿಸ್ಕ್‌ಗೆ ಒತ್ತೋ ಭಾಗ) ಜಾರೋ ಸ್ಲೈಡ್ ಪಿನ್ ಕೈಯಲ್ಲಿ ಎಳೆದ್ರೆ ಸಲೀಸಾಗಿ ಬರ್ಬೇಕು, ಬರ್ಲಿಲ್ಲ ಅಂದ್ರೆ ಒಂದು ಪ್ಯಾಡ್ ಸವೆದು ಇನ್ನೊಂದು ಹಾಗೇ ಇರತ್ತೆ. ಅಲ್ಲಿಗೆ ಸಿಲಿಕೋನ್ ಗ್ರೀಸೇ ಹಾಕಿ, ಪೆಟ್ರೋಲಿಯಂ ಗ್ರೀಸ್ ತಾಗಿದ್ರೆ ರಬ್ಬರ್ ಊದ್ಕೊಳತ್ತೆ. ಪಿಸ್ಟನ್ ಒಳಗೆ ಒತ್ತೋವಾಗ ಮೇಲೆ ಡಬ್ಬಿಯಲ್ಲಿ ಆಯಿಲ್ ಏರತ್ತೆ, ಉಕ್ಕಿ ಪೇಂಟ್ ಮೇಲೆ ಬಿದ್ರೆ ಪೇಂಟ್ ಎದ್ದು ಬರತ್ತೆ. ಕ್ಯಾಲಿಪರ್‌ನ ಹೋಸ್ ಮೇಲೆ ನೇತಾಡೋಕೆ ಬಿಡ್ಬೇಡಿ, ತಂತಿಲಿ ಕಟ್ಟಿ. ಎಡ ಬಲ ಎರಡೂ ಒಟ್ಟಿಗೇ ಬದಲಾಯಿಸ್ಬೇಕು. ಎಲ್ಲಾ ಮುಗಿದ ಮೇಲೆ, ಗಾಡಿ ಅಲುಗಾಡ್ಸೋಕೂ ಮುಂಚೆ, ಪೆಡಲ್ ಗಟ್ಟಿ ಆಗೋ ತನಕ ಪಂಪ್ ಮಾಡಿ, ಇಲ್ಲಾಂದ್ರೆ ಮೊದಲ ಬ್ರೇಕ್‌ಗೆ ಪೆಡಲ್ ಸೀದಾ ನೆಲಕ್ಕೆ ಹೋಗತ್ತೆ.

ಆಮೇಲೆ ಬೆಡ್ಡಿಂಗ್, ಅಂದ್ರೆ ಹೊಸ ಪ್ಯಾಡ್‌ನ ಡಿಸ್ಕ್‌ಗೆ ಹೊಂದಿಸೋದು. ಖಾಲಿ ರೋಡಲ್ಲಿ 50 ಕಿ.ಮೀ. ಸ್ಪೀಡಿಂದ 10ಕ್ಕೆ ನಯವಾಗಿ ಇಳಿಸೋದು, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸೋದು, ಮಧ್ಯ ಸ್ವಲ್ಪ ಗಾಳಿ ಆಡೋಕೆ ಬಿಟ್ಟು ಹೀಗೆ ಒಂದಷ್ಟು ಸಲ. ಪ್ಯಾಡ್ ಕಂಪನಿ ತನ್ನದೇ ಕ್ರಮ ಹೇಳಿದ್ರೆ ಅದನ್ನೇ ಮಾಡಿ. ಪ್ಯಾಡ್ ವಸ್ತು ಡಿಸ್ಕ್ ಮೇಲೆ ಒಂದೇ ಸಮನಾಗಿ ತೆಳುವಾಗಿ ಕೂರ್ಬೇಕು, ಅದಕ್ಕೇ ಇಷ್ಟೆಲ್ಲ. ಬಿಸಿ ಇದ್ದಾಗ ಪೆಡಲ್ ಒತ್ತಿ ಹಿಡ್ಕೊಂಡು ನಿಂತ್ರೆ ಒಂದೇ ಜಾಗದಲ್ಲಿ ಅಂಟಿ ಆಮೇಲೆ ಸ್ಟೀರಿಂಗ್ ನಡುಗತ್ತೆ, ಜನ ಅದನ್ನ ಡಿಸ್ಕ್ ಬೆಂಡ್ ಅಂತಾರೆ. ಮೂರರಲ್ಲಿ ಬೆಡ್ಡಿಂಗ್‌ಗೆ ಜಾಸ್ತಿ ತಾಳ್ಮೆ ಕೇಳಿದ್ದು ಸೆರಾಮಿಕ್, ಮೊದಮೊದಲು ಇದೇನಪ್ಪ ಹಿಡಿಯೋದೇ ಇಲ್ವಲ್ಲ ಅನ್ಸ್ತು, ಕೂತ ಮೇಲೆ ಸರಿಹೋಯ್ತು.

ಒಬ್ಬಿಬ್ಬರೇ ಓಡಾಡೋದು, ಬರೀ ಸಿಟಿ ಅಂದ್ರೆ ಒಳ್ಳೆ ಆರ್ಗ್ಯಾನಿಕ್ ಹಾಕ್ಕೊಂಡು ಸುಮ್ನಿರಿ. ವಾರ ವಾರ ಲೋಡ್ ಹಾಕ್ಕೊಂಡು ಘಾಟಿ ಹತ್ತಿ ಇಳಿಯೋರು ಶಬ್ದ, ಕರಿ ಚಕ್ರ ಸಹಿಸ್ಕೊಂಡು ಸೆಮಿ ಮೆಟಾಲಿಕ್ಕೇ ಹಾಕಿ, ಅಲ್ಲಿ ಸೆರಾಮಿಕ್ ಶೋಕಿ ಬೇಡ. ನಂದು ಎರಡರ ಮಧ್ಯದ ಓಡಾಟ, ಹಾಗಾಗಿ ಸೆರಾಮಿಕ್‌ಗೇ ನಿಂತಿದೀನಿ. ಡಿಸ್ಕ್ ದಪ್ಪ ಕನಿಷ್ಠದ ಹತ್ರ ಬಂದಿದೆ, ಈ ಸೆಟ್ ಮುಗಿದ್ರೆ ಡಿಸ್ಕೂ ಪ್ಯಾಡೂ ಒಟ್ಟಿಗೆ ಹೊಸದು, ಪ್ಯಾಡ್ ಮಾತ್ರ ಮತ್ತೆ ಇದೇ.