ಪೋಲಿ ಹಾಸ್ಯಕ್ಕೆ ವಯಸ್ಸಾದ ಬಗೆ: ‘ಟ್ರಿಪ್ಪಿಂಗ್ ದಿ ರಿಫ್ಟ್’ ಮತ್ತು ‘ಫ್ಯೂಚುರಾಮಾ’

ವಯಸ್ಕರಿಗೆಂದೇ ತಯಾರಾದ ಎರಡು ವೈಜ್ಞಾನಿಕ ಹಾಸ್ಯ ಕಾರ್ಟೂನ್ ಸರಣಿಗಳನ್ನು, ಒಂದು ರಾತ್ರಿ ಇದು, ಮರುರಾತ್ರಿ ಅದು ಎಂಬಂತೆ, ಇತ್ತೀಚೆಗೆ ಮತ್ತೆ ನೋಡಿದೆ. 1999ರ ಮಾರ್ಚ್‌ನಲ್ಲಿ ಆರಂಭವಾದ ‘ಫ್ಯೂಚುರಾಮಾ’ ಒಂದು. 2004ರ ಮಾರ್ಚ್‌ನಲ್ಲಿ ಬಂದು ಮೂರು ಸೀಸನ್‌ಗಳಿಗೆ ನಿಂತುಹೋದ ‘ಟ್ರಿಪ್ಪಿಂಗ್ ದಿ ರಿಫ್ಟ್’ ಇನ್ನೊಂದು. ಎರಡೂ ‘ಸ್ಟಾರ್ ಟ್ರೆಕ್’ ಎಂಬ ಅಂತರಿಕ್ಷಯಾನದ ಸರಣಿಯನ್ನು ಧಾರಾಳವಾಗಿ ಅಣಕಿಸುತ್ತವೆ, ಎರಡರಲ್ಲೂ ಪೋಲಿ ಮಾತಿಗೆ ಕೊರತೆಯಿಲ್ಲ. ಆದರೆ ಮೊದಲನೆಯದು ಬಹುಮಟ್ಟಿಗೆ ತಾಜಾ ಉಳಿದಿದೆ, ಎರಡನೆಯದು ಹಳಸಿದೆ.

‘ಟ್ರಿಪ್ಪಿಂಗ್ ದಿ ರಿಫ್ಟ್’ನ ನಾಯಕ ಚೋಡ್ ನೇರಳೆ ಬಣ್ಣದ, ಹೇಡಿಯೂ ಲಂಪಟನೂ ಆದ ಅಂತರಿಕ್ಷ ನೌಕೆಯ ನಾಯಕ. ಎರಡು ಮಹಾಶಕ್ತಿಗಳ ನಡುವೆ ಅಡ್ಡದಾರಿಯ ವ್ಯವಹಾರ ನಡೆಸಿ ಬದುಕುವ ಅವನ ಕಲ್ಪನೆ ಇಂದಿಗೂ ಚೆನ್ನಾಗಿದೆ. ಸ್ಟೀಫನ್ ರೂಟ್ ಅವರ ಧ್ವನಿಯಂತೂ ಸ್ವಲ್ಪವೂ ಮಾಸಿಲ್ಲ. ತೊಂದರೆ ಇರುವುದು ಸಿಕ್ಸ್ ಎಂಬ ಆಂಡ್ರಾಯ್ಡ್ (ಹೆಣ್ಣಿನ ರೂಪದ ಯಂತ್ರಮಾನವ) ಪಾತ್ರದಲ್ಲಿ. ಮೂರು ಸೀಸನ್‌ಗಳಲ್ಲಿ ಜೀನಾ ಗೆರ್ಶನ್, ಕಾರ್ಮೆನ್ ಎಲೆಕ್ಟ್ರಾ, ಜೆನ್ನಿ ಮೆಕಾರ್ಥಿ ಎಂಬ ಮೂವರು ನಟಿಯರು ಆಕೆಗೆ ದನಿ ಕೊಟ್ಟರು, ಆದರೂ ದನಿ ಬದಲಾದಾಗ ಪಾತ್ರ ಏನನ್ನಾದರೂ ಕಳೆದುಕೊಂಡಿತೆಂದು ನನಗೆ ಅನಿಸಲೇ ಇಲ್ಲ, ಏಕೆಂದರೆ ಬರೆದವರು ಆಕೆಯೊಳಗೆ ಮನಸ್ಸೆಂಬುದನ್ನು ಇಟ್ಟಿದ್ದೇ ಅಪರೂಪ. ಆಕೆಯ ಮೈಕಟ್ಟಿನ ಕುರಿತ ಮಾತುಗಳು ಮೊದಲ ಎರಡು ಕಂತುಗಳಲ್ಲಿ ನಗಿಸಿದವು, ಐದನೆಯದಕ್ಕೆ ಬರುವಷ್ಟರಲ್ಲಿ ಬೇಸರ ತರಿಸಿದವು. ಆ ಕಾಲದ ಕಂಪ್ಯೂಟರ್ ಅನಿಮೇಷನ್ ಕೂಡ ಇದಕ್ಕೆ ನೆರವಾಗುವುದಿಲ್ಲ: ಲೋಹದ ರೋಬೋಟ್‌ಗಳು ಈಗಲೂ ಕಣ್ಣಿಗೆ ಒಪ್ಪುತ್ತವೆ, ಆದರೆ ಚರ್ಮವೆಲ್ಲ ಪ್ಲಾಸ್ಟಿಕ್‌ನಂತೆ ಮಿರುಗುತ್ತದೆ. ದೇಹದ ಆಕರ್ಷಣೆಯನ್ನೇ ನೆಚ್ಚಿಕೊಂಡ ಹಾಸ್ಯಕ್ಕೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ.

ಹೋಲಿಕೆಗೆ ಅತ್ಯಂತ ನಿಖರವಾದ ಅಳತೆಗೋಲು ನನಗೆ ಸಿಕ್ಕಿದ್ದು ಮಾರಿಸ್ ಲಾಮಾರ್ಷ್ ಎಂಬ ಒಬ್ಬನೇ ಕಲಾವಿದನಲ್ಲಿ. ‘ಟ್ರಿಪ್ಪಿಂಗ್ ದಿ ರಿಫ್ಟ್’ನಲ್ಲಿ ಗಸ್ ಎಂಬ ರೋಬೋಟ್‌ಗೂ ‘ಫ್ಯೂಚುರಾಮಾ’ದಲ್ಲಿ ಕಿಫ್ ಎಂಬ ಹಸಿರು ಅಧಿಕಾರಿಗೂ ದನಿ ಕೊಟ್ಟವರು ಅವರೇ. ಗಸ್ ಸಲಿಂಗಿಯೋ ಅಲ್ಲವೋ ಎಂದು ಕೆಣಕುವುದೇ ಆ ಪಾತ್ರದ ಸುತ್ತ ಮತ್ತೆ ಮತ್ತೆ ಬರುವ ನಗೆ. ಇಂದು ಅದು ನಗೆಯಾಗಿ ಉಳಿದಿಲ್ಲ, ಬರಿಯ ಹಂಗಿಸುವಿಕೆಯಾಗಿ ಕೇಳಿಸುತ್ತದೆ. ಇತ್ತ 2001ರಲ್ಲಿ ಪ್ರಸಾರವಾದ ‘ಫ್ಯೂಚುರಾಮಾ’ದ ಅಮೆಜಾನ್ ಸ್ತ್ರೀಯರ ಕಂತಿನಲ್ಲಿ ದೈತ್ಯ ಹೆಣ್ಣುಗಳು ಗಂಡಸರಿಗೆ ಸಂಭೋಗದಿಂದಲೇ ಮರಣದಂಡನೆ ವಿಧಿಸುತ್ತಾರೆ. ಇದಕ್ಕಿಂತ ಪೋಲಿಯಾದ ಕಥೆ ಎರಡೂ ಸರಣಿಗಳಲ್ಲಿ ವಿರಳ. ಆದರೂ ಅಲ್ಲಿ ನಗೆಪಾಟಲಾಗುವುದು ಹೆದರಿಕೆಯನ್ನೂ ಆಸೆಯನ್ನೂ ಒಟ್ಟಿಗೇ ಅನುಭವಿಸುವ ನಾಯಕ ಫ್ರೈ ಮತ್ತು ಕಿಫ್‌ನ ಮೇಲಧಿಕಾರಿ ಜ್ಯಾಪ್ ಅವರ ಗಂಡಸುತನ. ಅದೇ ಕಂತಿನಲ್ಲಿ ಕಿಫ್, ತಾನು ಮೆಚ್ಚಿದ ಏಮಿಗೆ ಕರೆಮಾಡಿ, ಮಾತನಾಡುವ ಧೈರ್ಯವಿಲ್ಲದೆ ಫೋನ್ ಇಟ್ಟುಬಿಡುತ್ತಾನೆ. ಆ ಸಂಕೋಚ ನನ್ನನ್ನು ಈಗಲೂ ತಟ್ಟುತ್ತದೆ. ಹೆಂಗಸರ ಹರಟೆಯನ್ನು ಹೀಯಾಳಿಸುವ ಸಾಲುಗಳು ಮಾತ್ರ ಅಲ್ಲಿಯೂ ಸವೆದುಹೋಗಿವೆ.

‘ಫ್ಯೂಚುರಾಮಾ’ ನಿರ್ದೋಷಿಯೆಂದು ನಾನು ಹೇಳಲಾರೆ. ಮೊದಲ ಸೀಸನ್ನಿನಲ್ಲಿಯೇ ಕನಿಕರದಿಂದ ಒಂದು ರಾತ್ರಿ ಜ್ಯಾಪ್‌ನೊಂದಿಗೆ ಕಳೆದ ನಾಯಕಿ ಲೀಲಾಳನ್ನು ಆತ ವರ್ಷಾನುಗಟ್ಟಲೆ ಬೆನ್ನು ಹತ್ತುವುದು ಈ ಸಲ ನನಗೆ ಕಿರಿಕಿರಿಯನ್ನುಂಟುಮಾಡಿತು. ನಿಂತುಹೋಗಿದ್ದ ಸರಣಿ 2010ರಲ್ಲಿ ಮರುಜನ್ಮ ಪಡೆದ ನಂತರ ಆ ಕಾಲದ ಮೊಬೈಲ್ ಹುಚ್ಚನ್ನು ಅಣಕಿಸಿದ ಕಂತು, ಅದಕ್ಕಿಂತ ಹತ್ತು ವರ್ಷ ಹಳೆಯ ಕಂತುಗಳಿಗಿಂತಲೂ ಹಳೆಯದಾಗಿ ಕಾಣುತ್ತದೆ. ಆದರೆ ಅದೇ ವರ್ಷದ, ದೇಹಗಳು ಅದಲುಬದಲಾಗುವ ಕಂತಿನಲ್ಲಿ ಪೋಲಿ ಸನ್ನಿವೇಶಗಳ ನಡುವೆಯೇ ಗಣಿತದಲ್ಲಿ ಡಾಕ್ಟರೇಟ್ ಪಡೆದ ಲೇಖಕ ಕೆನ್ ಕೀಲರ್ ಒಂದು ನಿಜವಾದ ಪ್ರಮೇಯವನ್ನು ಸಾಧಿಸಿಟ್ಟಿದ್ದಾರೆ: ಒಮ್ಮೆ ಅದಲುಬದಲಾದ ಅದೇ ಎರಡು ದೇಹಗಳ ನಡುವೆ ಮತ್ತೆ ಅದಲುಬದಲು ಆಗದೆಂಬ ಕಥೆಯ ನಿಯಮವಿದ್ದರೂ, ಎಷ್ಟೇ ಅದಲುಬದಲಾಗಿರಲಿ, ಹೊಸದಾಗಿ ಇಬ್ಬರು ಸೇರಿದರೆ ಎಲ್ಲರೂ ತಮ್ಮ ತಮ್ಮ ದೇಹಕ್ಕೆ ಮರಳಬಹುದು. ಆ ಕಂತನ್ನು ನಾನು ಒಂದೇ ವಾರದಲ್ಲಿ ಎರಡು ಬಾರಿ ನೋಡಿದೆ. ‘ಟ್ರಿಪ್ಪಿಂಗ್ ದಿ ರಿಫ್ಟ್’ ಅನ್ನು ಹೊಸದಾಗಿ ನೋಡಬಯಸುವವರಿಗೆ, ಚೋಡ್‌ನ ಹೇಡಿತನವೇ ಕಥೆಯನ್ನು ನಡೆಸುವ ಮೊದಲ ಸೀಸನ್ನಿನ ಕೆಲವು ಕಂತುಗಳು ಸಾಕು.